ಕಿಣ್ವದಿಂದ ಕಾನೂನಿನವರೆಗೆ

ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಡ್ರೆಪುಂಗ್ ಮತ್ತು ಗಾದೆನ್ ಮಠಗಳ ಪ್ರಾರ್ಥನಾ ಮಂದಿರಗಳನ್ನು, ಅಂಗಳದಲ್ಲಿ ಚಪ್ಪಾಳೆ ತಟ್ಟುತ್ತ ತರ್ಕಕ್ಕಿಳಿಯುವ ಭಿಕ್ಷುಗಳನ್ನು. ಆ ಭಿಕ್ಷುಗಳ ಪಾಠಪಟ್ಟಿಯಲ್ಲಿ ಈಗ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಕೂಡ ಸೇರಿವೆ. 2013ರ ಜನವರಿಯಲ್ಲಿ ಡ್ರೆಪುಂಗ್‌ನಲ್ಲೇ ದಲೈ ಲಾಮಾ ಅವರ ಎದುರು ದೇಶ ವಿದೇಶದ ವಿಜ್ಞಾನಿಗಳೂ ಭಿಕ್ಷುಗಳೂ ದಿನಗಟ್ಟಲೆ ಕೂತು ಚರ್ಚಿಸಿದ್ದರು. ಮರುವರ್ಷದಿಂದ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಲ್ಲಿ ವಿಜ್ಞಾನದ ಪಾಠ ಮಠದ ಓದಿನ ಭಾಗವಾಯಿತು. ವಿಜ್ಞಾನವನ್ನು ಯಾರಿಗೆ, ಎಷ್ಟು, ಯಾರ ಖರ್ಚಿನಲ್ಲಿ ಕಲಿಸಬೇಕೆಂದು ಹಿರಿಯರು ಕೂತು ತೀರ್ಮಾನಿಸಿದ ಫಲ ಇದು. ಇಂಥ ತೀರ್ಮಾನಗಳನ್ನು ರೂಪಿಸುವ ಕಸುಬಿಗೆ ವಿಜ್ಞಾನ ನೀತಿ ಎಂದು ಹೆಸರು.

ಕಾಲೊನಿಯ ಆಚೆಗಿನ ಹೊಲಗಳಿಗೂ ಈ ಕಸುಬಿನ ಬಿಸಿ ತಟ್ಟಿದೆ. ಮುಂಡಗೋಡ, ಹಳಿಯಾಳದ ಕಡೆ ಹತ್ತಿ ಬೆಳೆಯುವ ರೈತ ಕುಲಾಂತರಿ ಬಿಟಿ ಬೀಜ ಬಿತ್ತುವಂತಾದದ್ದು 2002ರಲ್ಲಿ ದಿಲ್ಲಿಯ ಒಂದು ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟ ಮೇಲೆಯೇ.

ಕರ್ನಾಟಕದಲ್ಲಿ ಈ ಕೆಲಸವನ್ನು ವ್ಯಾಪಾರದ ಜೊತೆಜೊತೆಗೇ ಕಲಿತವರಲ್ಲಿ ಮೊದಲು ನೆನಪಾಗುವ ಹೆಸರು ಔಷಧ ಕಂಪನಿ ಬಯೋಕಾನ್‌ನ ಕಿರಣ್ ಮಜುಂದಾರ್ ಷಾ ಅವರದು. ಅವರ ಶ್ರೀಮಂತಿಕೆ, ಪ್ರಶಸ್ತಿಗಳ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದಿವೆ. ಔಷಧ ಮಾಡುತ್ತಲೇ ಔಷಧದ ನಿಯಮಗಳ ಕುರಿತು ಸರ್ಕಾರದೊಂದಿಗೆ ದಶಕಗಳ ಕಾಲ ಮಾತನಾಡುತ್ತ ಬಂದ ಅವರ ಇನ್ನೊಂದು ವೃತ್ತಿ ಅಷ್ಟಾಗಿ ಪರಿಚಿತವಲ್ಲ.

ಅವರು 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿವಿಜ್ಞಾನದ ಪದವಿ ಪಡೆದರು. ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್. ಮಗಳೂ ಆಸ್ಟ್ರೇಲಿಯಾದ ಬ್ಯಾಲರಟ್‌ಗೆ ಹೋಗಿ ಬಿಯರ್ ತಯಾರಿಕೆಯ ವಿದ್ಯೆ ಕಲಿತರು. ಆ ತರಗತಿಯಲ್ಲಿದ್ದ ಹೆಣ್ಣು ಅವರೊಬ್ಬರೇ. 1975ರಲ್ಲಿ ಕಲಿಕೆ ಮುಗಿಸಿ ಊರಿಗೆ ಮರಳಿದರೆ, ಬ್ರೂವರಿಯ ಉಸ್ತುವಾರಿಯನ್ನು ಹೆಂಗಸಿಗೆ ಒಪ್ಪಿಸಲು ಇಲ್ಲಿ ಯಾರೂ ತಯಾರಿರಲಿಲ್ಲ.

1978ರಲ್ಲಿ ಐರ್ಲೆಂಡಿನ ಲೆಸ್ಲಿ ಆಕಿನ್‌ಕ್ಲಾಸ್ ಅವರ ಬಯೋಕಾನ್ ಬಯೋಕೆಮಿಕಲ್ಸ್ ಜೊತೆ ಪಾಲುದಾರಿಕೆಯಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಕೆಲಸ ಶುರುವಾಯಿತು. ಬಂಡವಾಳ 10,000 ರೂಪಾಯಿ. ಪಪ್ಪಾಯಿ ಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸ್, ಇವು ಮೊದಲ ಸರಕು. ಇಲ್ಲೇ ಕಾನೂನು ಅವರ ಬದುಕಿನೊಳಗೆ ಬಂತು. ಅಂದಿನ ವಿದೇಶಿ ವಿನಿಮಯ ನಿಯಮದ ಪ್ರಕಾರ ಹೊರಗಿನ ಪಾಲುದಾರರು ಶೇ 30ಕ್ಕಿಂತ ಹೆಚ್ಚು ಷೇರು ಹೊಂದುವಂತಿರಲಿಲ್ಲ. ಹಾಗಾಗಿ 25ರ ಹರೆಯದ ಯುವತಿ ಶೇ 70ರ ಒಡತಿಯಾದರು. ಸಾಲ ಕೇಳಲು ಹೋದಾಗ ಮಾತ್ರ ಬ್ಯಾಂಕುಗಳು ತಂದೆಯ ಜಾಮೀನು ಕೇಳಿದವು. ಜೈವಿಕ ತಂತ್ರಜ್ಞಾನ ಎಂಬ ಉದ್ಯಮದ ಪರಿಚಯವೇ ಅವುಗಳಿಗೆ ಇರಲಿಲ್ಲ. ಐಸಿಐಸಿಐನ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ಸಾಹಸ ಬಂಡವಾಳ ದೊರೆತದ್ದು 1987ರಲ್ಲಿ, ಕಂಪನಿ ಹುಟ್ಟಿ ಒಂಬತ್ತು ವರ್ಷಗಳ ಮೇಲೆ.

ಒಂದು ನಿಯಮ ಕೈಹಿಡಿದು ಎತ್ತಬಹುದು, ಇನ್ನೊಂದು ಬಾಗಿಲು ಹಾಕಬಹುದು ಎಂಬುದನ್ನು ಹೀಗೆ ಸ್ವಂತ ಕಂಪನಿಯಲ್ಲೇ ಕಂಡ ಅವರಿಗೆ ಸರ್ಕಾರದ ಮೇಜಿನ ಮುಂದೆ ಕೂರುವ ಅವಕಾಶ ಬಂದದ್ದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ. ಮಾಹಿತಿ ತಂತ್ರಜ್ಞಾನದಲ್ಲಿ ಬೆಂಗಳೂರು ಹೆಸರು ಮಾಡಿತ್ತು. ಮುಂದಿನ ಹೆಜ್ಜೆ ಯಾವುದೆಂಬ ಹುಡುಕಾಟದಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನದ ವಿಷನ್ ಗ್ರೂಪ್ ರಚಿಸಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. 2001ರಲ್ಲಿ ಬಂದ ರಾಜ್ಯದ ‘ಮಿಲೇನಿಯಂ ಬಯೋಟೆಕ್ ನೀತಿ’ ದೇಶದಲ್ಲೇ ಮೊದಲ ಸಾಲಿನದು.

ವಿಷನ್ ಗ್ರೂಪ್ ಎಂದರೆ ಇಲಾಖೆಯಲ್ಲ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಉದ್ಯಮಿಗಳು, ವಿಜ್ಞಾನಿಗಳು, ಅಧಿಕಾರಿಗಳು ಒಟ್ಟಿಗೆ ಕೂತು ಸರ್ಕಾರಕ್ಕೆ ಸಲಹೆ ಕೊಡುವ ವೇದಿಕೆ ಅದು. ಬೆಂಗಳೂರಿನಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆಯಿತ್ತು, ಕೃಷಿ ವಿಶ್ವವಿದ್ಯಾಲಯವಿತ್ತು, ಒಬೈದ್ ಸಿದ್ದಿಕಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿತ್ತು. ಅಲ್ಲಿಯ ತಿಳಿವಳಿಕೆ ಕಂಪನಿಯಾಗಿ ಬೆಳೆಯುವ ದಾರಿ ಇರಲಿಲ್ಲ. ತರಬೇತಿಗೆ ಸಂಸ್ಥೆ, ಹೊಸಬರಿಗೆ ಬಂಡವಾಳ, ದುಬಾರಿ ಉಪಕರಣಗಳಿರುವ ಹಂಚಿಕೆಯ ಪ್ರಯೋಗಾಲಯ, ಕೊಳ್ಳುವವರೂ ಮಾಡುವವರೂ ಭೇಟಿಯಾಗುವ ವಾರ್ಷಿಕ ಮೇಳ, ಇವು ಆ ದಾರಿಗೆ ಬೇಕಾದ ಕಲ್ಲುಗಳು. ರಾಜ್ಯ ಸರ್ಕಾರ ಮತ್ತು ಐಸಿಐಸಿಐ ಸೇರಿ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿಯ ತರಬೇತಿ ಸಂಸ್ಥೆ ಐಬಿಎಬಿ, ‘ಬೆಂಗಳೂರು ಬಯೋ’ ಮೇಳ, ಬೆಂಗಳೂರು ಬಯೋಇನ್ನೊವೇಷನ್ ಸೆಂಟರ್ ಈ ಚಿಂತನೆಯ ಫಲ. ಹಲವು ಕಾಲೇಜುಗಳು ಬಯೋಟೆಕ್ ಪದವಿ ತೆರೆದು, ಓದಿದವರಿಗೆ ಕೆಲಸ ಸಿಗದೆ ಹೋದಾಗ ಪ್ರಯೋಗಾಲಯದ ಕೈಕೆಲಸ ಕಲಿಸುವ ಫಿನಿಶಿಂಗ್ ಸ್ಕೂಲ್‌ಗಳೂ ಬಂದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಜೈವಿಕ ತಂತ್ರಜ್ಞಾನದ ಸಂಸ್ಥೆ ಇದೆ. ಆದರೂ ಕಂಪನಿಗಳ ಬಹುಪಾಲು ಇಂದಿಗೂ ಬೆಂಗಳೂರಿನ ಸುತ್ತಲೇ ಇದೆ. ಎರಡು ದಶಕಗಳ ನೀತಿಗೆ ಇದೊಂದು ಕೊರತೆಯೇ.

ದೇಶದ ಮಟ್ಟದಲ್ಲಿ ಉದ್ಯಮಕ್ಕೊಂದು ಒಕ್ಕೊರಲು ಬೇಕೆಂದು 2003ರಲ್ಲಿ ಹುಟ್ಟಿದ ಸಂಘ ‘ಏಬಲ್’. ಅದರ ಮೊದಲ ಅಧ್ಯಕ್ಷರೂ ಅವರೇ. ಮರುವರ್ಷದ ಮಾರ್ಚಿನಲ್ಲಿ ಬಯೋಕಾನ್ ಷೇರು ಮಾರುಕಟ್ಟೆಗೆ ಬಂದಾಗ 33 ಪಟ್ಟು ಬೇಡಿಕೆ ಬಂತು. ಆ ಬಳಿಕ ದಿಲ್ಲಿಯಲ್ಲಿ ಅವರ ಮಾತಿನ ತೂಕ ಇನ್ನಷ್ಟು ಹೆಚ್ಚಿತು.

ಆ ಮಾತುಕತೆಯ ಮುಖ್ಯ ವಿಷಯಗಳಲ್ಲೊಂದು ಬಯೋಸಿಮಿಲರ್, ಅಂದರೆ ಮೂಲ ಜೈವಿಕ ಔಷಧವನ್ನು ಹೋಲುವ ಔಷಧ. ಪ್ಯಾರಾಸಿಟಮಾಲ್‌ನಂಥ ರಾಸಾಯನಿಕ ಮಾತ್ರೆಯನ್ನು ಪೇಟೆಂಟ್ ಮುಗಿದ ಮೇಲೆ ಯಾರು ಬೇಕಾದರೂ ಯಥಾವತ್ ಮಾಡಬಹುದು. ಇನ್ಸುಲಿನ್, ಕ್ಯಾನ್ಸರಿನ ಪ್ರತಿಕಾಯ ಔಷಧಗಳು ಹಾಗಲ್ಲ. ಅವು ಜೀವಕೋಶಗಳಲ್ಲಿ ಬೆಳೆಯುತ್ತವೆ. ಒಂದೇ ಹೆಪ್ಪು ಹಾಕಿದರೂ ಎರಡು ಮನೆಯ ಮೊಸರು ಒಂದೇ ಆಗದಂತೆ, ಎರಡು ಕಂಪನಿಗಳ ಔಷಧವೂ ತದ್ರೂಪು ಆಗದು. ಹಾಗಾದರೆ ಎಷ್ಟು ಹೋಲಿಕೆ ಇದ್ದರೆ ಸಾಕು? ಎಷ್ಟು ರೋಗಿಗಳ ಮೇಲೆ ಪರೀಕ್ಷಿಸಬೇಕು? ಇದನ್ನು ನಿಯಂತ್ರಕರು ಬರೆದಿಡಬೇಕು. ಭಾರತದ ಮಾರ್ಗಸೂಚಿ 2012ರಲ್ಲಿ ಬಂತು, 2016ರಲ್ಲಿ ಪರಿಷ್ಕೃತವಾಯಿತು. ಸ್ತನ ಕ್ಯಾನ್ಸರಿಗೆ ಬಳಸುವ ಟ್ರಾಸ್ಟುಜುಮಾಬ್‌ನ ಬಯೋಕಾನ್ ಆವೃತ್ತಿಗೆ 2013ರಲ್ಲಿ ಇಲ್ಲಿ ಅನುಮತಿ ದೊರೆಯಿತು. ಮೂಲ ಔಷಧದ ಕಂಪನಿ ರೋಶ್ ಅದರ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋಯಿತು. 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರೂ ಒಪ್ಪಿಗೆ ಕೊಟ್ಟರು. ಆ ಔಷಧಕ್ಕೆ ಅಲ್ಲಿ ಅನುಮತಿ ಪಡೆದ ಮೊದಲ ಬಯೋಸಿಮಿಲರ್ ಅದು.

ಇನ್ಸುಲಿನ್ ಕಥೆ ಬೇರೆ. ಬಿಯರ್ ಕಸುಬಿನ ಹುದುಗು ವಿದ್ಯೆಯನ್ನೇ ಮುಂದಿಟ್ಟು, ಪಿಕಿಯಾ ಎಂಬ ಯೀಸ್ಟಿನಲ್ಲಿ ಬೆಳೆಸಿದ ಇನ್ಸುಲಿನ್ನನ್ನು ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದಿತು. 2019ರಲ್ಲಿ, ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ ಹತ್ತು ಅಮೆರಿಕನ್ ಸೆಂಟ್‌ಗಿಂತ ಕಡಿಮೆ ದರದಲ್ಲಿ ಕೊಡುವುದಾಗಿ ಘೋಷಿಸಿತು. ಬೆಲೆಯೂ ಒಂದು ನೀತಿಯೇ ಎಂಬುದು ಅದರಿಂದ ಸ್ಪಷ್ಟವಾಯಿತು.

ಆಟಗಾರರೇ ಆಟದ ನಿಯಮದ ಬಗ್ಗೆ ಮಾತನಾಡುವಾಗ ಪ್ರಶ್ನೆಗಳು ಏಳುವುದು ಸಹಜ. 2020ರ ಜುಲೈನಲ್ಲಿ, ಸೋರಿಯಾಸಿಸ್‌ಗೆ ಬಳಕೆಯಲ್ಲಿದ್ದ ಬಯೋಕಾನ್‌ನ ಇಟೊಲಿಜುಮಾಬ್ ಔಷಧವನ್ನು ಕೋವಿಡ್ ರೋಗಿಗಳಿಗೆ ತುರ್ತು ಸಂದರ್ಭದಲ್ಲಿ ಬಳಸಲು ಔಷಧ ನಿಯಂತ್ರಕರು ಅನುಮತಿಸಿದರು. ಆಧಾರವಾಗಿದ್ದ ಪ್ರಯೋಗದಲ್ಲಿ ಇದ್ದವರು 30 ರೋಗಿಗಳು. ಇಷ್ಟು ಸಣ್ಣ ಪ್ರಯೋಗ ಸಾಲದು ಎಂದು ಹಲವು ವೈದ್ಯರು, ಸಂಶೋಧಕರು ಆಕ್ಷೇಪಿಸಿದರು. ಕಂಪನಿ ತನ್ನ ದತ್ತಾಂಶವನ್ನು ಸಮರ್ಥಿಸಿಕೊಂಡಿತು. ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಆ ಔಷಧಕ್ಕೆ ಜಾಗ ಸಿಗಲಿಲ್ಲ. ವೇಗ ಬೇಕೆನ್ನುವ ಉದ್ಯಮ, ಪುರಾವೆ ಬೇಕೆನ್ನುವ ವೈದ್ಯಲೋಕ, ಎರಡರ ನಡುವೆ ನಿಲ್ಲಬೇಕಾದ ನಿಯಂತ್ರಕರು: ಈ ಮೂವರೂ ತಮ್ಮತಮ್ಮ ಜಾಗದಲ್ಲಿದ್ದರೆ ಮಾತ್ರ ಜನ ನಂಬುತ್ತಾರೆ.

ಪ್ರಯೋಗಾಲಯದ ಹೊರಗೂ ಅವರು ಸುಮ್ಮನಿದ್ದವರಲ್ಲ. ಕೃಷ್ಣ ಅವರ ಕಾಲದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್‌ನಲ್ಲಿದ್ದರು, 2013ರಲ್ಲಿ ನಾಗರಿಕ ಸಂಘಟನೆ ಬಿ.ಪ್ಯಾಕ್ ಕಟ್ಟಿದವರಲ್ಲೊಬ್ಬರು, 2014ರಲ್ಲಿ ಬೆಂಗಳೂರು ಐಐಎಂ ಆಡಳಿತ ಮಂಡಳಿಯ ಅಧ್ಯಕ್ಷರಾದರು. 2025ರ ಅಕ್ಟೋಬರಿನಲ್ಲಿ ನಗರದ ರಸ್ತೆ, ಕಸದ ಬಗ್ಗೆ ಜಾಲತಾಣದಲ್ಲಿ ಬರೆದದ್ದಕ್ಕೆ ಸಚಿವರಿಂದ ಖಾರವಾದ ಉತ್ತರಗಳೂ ಬಂದವು.

ಸರ್ಕಾರದೊಂದಿಗೆ ಮಾತನಾಡುವ ಈ ಕೆಲಸ ದೊಡ್ಡ ಉದ್ಯಮಿಗಳಿಗಷ್ಟೇ ಮೀಸಲಲ್ಲ. 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು ಕರಡು ಕಾಯ್ದೆ, ನಿಯಮಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳೂ ಹಿಂದಿನ ವರ್ಷವೇ ಕರಡಾಗಿ ಪ್ರಕಟವಾಗಿದ್ದವು. ಅಂಥ ಕರಡಿಗೆ ಕಂಪನಿಗಳು ತಪ್ಪದೆ ಉತ್ತರ ಬರೆಯುತ್ತವೆ. ಮುಂದಿನ ಸಲ ಔಷಧದ್ದೋ ಆಹಾರದ್ದೋ ಕರಡು ಬಂದಾಗ ಊರಿನ ವೈದ್ಯರು, ವಿಜ್ಞಾನದ ಅಧ್ಯಾಪಕರು, ನಿತ್ಯ ಇನ್ಸುಲಿನ್ ಚುಚ್ಚಿಕೊಳ್ಳುವವರು ಕೂಡ ಓದಿ, ತಮ್ಮ ಅನುಭವವನ್ನು ಒಂದು ಪುಟದಲ್ಲಿ ಬರೆದು ಕಳುಹಿಸಲಿ.