ಹಾವೇರಿ ಸೀಮೆಯ ಮಕ್ಕಳೂ ಇಂಗ್ಲಿಷ್ ಉಚ್ಚಾರಣೆಯೂ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕನ್ನಡ ಶಾಲೆಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂಗ್ಲಿಷನ್ನು ಓದಿ ತಿಳಿಯಬಲ್ಲರು, ತಕ್ಕಮಟ್ಟಿಗೆ ಬರೆಯಲೂ ಬಲ್ಲರು. ಆದರೆ ಮಾತಾಡಬೇಕಾದ ಪ್ರಸಂಗ ಬಂದೊಡನೆ ತಲೆ ತಗ್ಗಿಸುವರು. ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ನಗೆಪಾಟಲಾಗುವೆವೆಂಬ ಭಯವೇ ಕಾರಣ. ಈ ಭಯವು ಬಾಲ್ಯದಲ್ಲಿಯೇ ಬೇರುಬಿಡುವುದರಿಂದ ಅದರ ಪರಿಹಾರವನ್ನೂ ಅಲ್ಲಿಯೇ ಅರಸಬೇಕಾಗಿದೆ.

ಮೊದಲು ಸ್ವಲ್ಪ ಇತಿಹಾಸವನ್ನು ನೋಡೋಣ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದ ಮೇಲೆ ಧಾರವಾಡ ಸೀಮೆಯು ಬ್ರಿಟಿಷರ ವಶವಾಗಿ, ಮುಂದೆ ಮುಂಬಯಿ ಪ್ರಾಂತಕ್ಕೆ ಸೇರಿತು. ಇಲ್ಲಿ ಇಂಗ್ಲಿಷು ಕಚೇರಿಯ ಭಾಷೆಯಾಗಿ, ಎಂದರೆ ಕಾಗದದ ಮೇಲಿನ ಭಾಷೆಯಾಗಿ ಬಂದಿತು. ವ್ಯಾಕರಣವೂ ಭಾಷಾಂತರವೂ ಪಾಠದ ಜೀವಾಳವಾಗಿದ್ದು, ಕಿವಿಗೂ ನಾಲಗೆಗೂ ಕೆಲಸ ಕಡಿಮೆಯಾಗಿತ್ತು. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರವು ಇಂಗ್ಲಿಷಿನ ಆರಂಭವನ್ನು ಎಂಟನೆಯ ಇಯತ್ತೆಗೆ ಮುಂದೂಡಿತು. 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹಾವೇರಿಯೇ ಪ್ರತ್ಯೇಕ ಜಿಲ್ಲೆಯಾಯಿತು. ಬಹುಕಾಲ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007-08ರಿಂದ ಸರಕಾರಿ ಶಾಲೆಗಳ ಒಂದನೆಯ ತರಗತಿಗೇ ಬಂದಿತು. ಹೀಗಾಗಿ, ತಾವು ಹತ್ತು ಹನ್ನೊಂದರ ವಯಸ್ಸಿನಲ್ಲಿ, ಅದೂ ಪುಸ್ತಕದಿಂದಲೇ, ಈ ಭಾಷೆಯನ್ನು ಕಲಿತ ಶಿಕ್ಷಕರು ಆರು ವರ್ಷದ ಶಿಶುವಿಗೆ ಅದನ್ನು ಬಾಯಿಂದ ಕಲಿಸಬೇಕಾದ ಪರಿಸ್ಥಿತಿ ಒದಗಿದೆ. ಅವರನ್ನು ದೂಷಿಸಿ ಫಲವಿಲ್ಲ.

ಇನ್ನು ಧ್ವನಿಗಳ ವಿಚಾರ. ಕನ್ನಡದ ಮಾತುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದುದರಿಂದಲೇ ಬಸ್ ನಮ್ಮ ಬಾಯಲ್ಲಿ ಬಸ್ಸಾಗಿ, ಬಸ್ಸುವಾಗಿ ನಿಲ್ಲುತ್ತದೆ. ಮೊದಲಲ್ಲಿಯೇ ಸಕಾರದ ಒತ್ತಕ್ಷರ ಬಂದರೆ ಸ್ಕೂಲು ಇಸ್ಕೂಲಾಗುತ್ತದೆ. ‘ಎಂಟು’ ಎಂಬುದನ್ನು ‘ಯೆಂಟು’ ಎನ್ನುವ ನಾಲಗೆ ‘ಎಗ್’ ಎಂಬುದನ್ನು ‘ಯೆಗ್’ ಎನ್ನುವುದು ಸಹಜವೇ. ಇವು ಅಜ್ಞಾನದ ಲಕ್ಷಣಗಳಲ್ಲ, ತಾಯ್ನುಡಿಯ ನಿಯಮಗಳು. ವಕಾರದ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಪಶ್ಚಿಮ ದಿಕ್ಕಿನ ಹೆಸರನ್ನೂ ಒಳಅಂಗಿಯ ಹೆಸರನ್ನೂ ನಾವು ‘ವೆಸ್ಟ್’ ಎಂದೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ತುಟಿಗಳು ದುಂಡಾಗಬೇಕು. ಎರಡನೆಯದಕ್ಕೆ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಬೇಕು. ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಪದಗಳನ್ನು ಬರೆದುಕೊಂಡು ಕಂಠಪಾಠ ಮಾಡಿಸುವ ರೂಢಿಯಿಂದ ಇಂಥ ಭೇದಗಳು ಕಿವಿಗೆ ಬೀಳದೆಯೇ ಹೋಗುತ್ತವೆ. ಕನ್ನಡಿಯೊಂದನ್ನು ತರಗತಿಗೆ ಒಯ್ದು ಮಕ್ಕಳಿಗೆ ತಮ್ಮ ತುಟಿಗಳನ್ನು ತೋರಿಸಿದರೆ ಸಾಕು, ಹತ್ತು ನಿಮಿಷದ ಪಾಠವಾಗುತ್ತದೆ.

ಆದರೆ ಈ ಸೀಮೆಯ ಮಗುವಿಗೆ ಅನುಕೂಲವೊಂದುಂಟು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಗ್ರಂಥಸ್ಥ ಕನ್ನಡದ ‘ಬೇಡ’ ಇಲ್ಲಿ ‘ಬ್ಯಾಡ’, ‘ಮೇಲೆ’ ಇಲ್ಲಿ ‘ಮ್ಯಾಲ’, ‘ಬೇಸಿಗೆ’ ಇಲ್ಲಿ ‘ಬ್ಯಾಸಿಗಿ’. ಇಲ್ಲಿ ಕೇಳಿಬರುವ ಅಗಲ ಬಾಯಿಯ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ; ಇಂಗ್ಲಿಷಿನ ಬ್ಯಾಗ್, ಮ್ಯಾನ್, ಹ್ಯಾಟ್ ಮುಂತಾದವುಗಳಲ್ಲಿರುವುದು ಹೆಚ್ಚು ಕಡಿಮೆ ಅದೇ ಸ್ವರ, ಕೊಂಚ ಮೊಟಕಾಗಿ. ಬ್ಯಾಡಗಿಯ ಮಗುವಿಗೆ ತನ್ನ ಊರಿನ ಹೆಸರೇ ಈ ಪಾಠ. ದುರ್ದೈವವೆಂದರೆ, ‘ಬ್ಯಾಡ’ ಎಂದುದಕ್ಕೆ ಕನ್ನಡದ ಪಾಠದಲ್ಲಿ ಬೈಸಿಕೊಂಡ ಮಗು ಇಂಗ್ಲಿಷಿನ ಪಾಠದಲ್ಲಿ ಅದೇ ಧ್ವನಿಯನ್ನು ಆಡಲು ಹಿಂಜರಿಯುತ್ತದೆ. ಆಡುನುಡಿಯನ್ನು ಹಳಿದು ಇಂಗ್ಲಿಷನ್ನು ಬೆಳೆಸಹೊರಡುವುದು ಏಣಿಯನ್ನು ಒದ್ದು ಅಟ್ಟ ಹತ್ತಹೋದಂತೆ.

ಧ್ವನಿಗಳಿಗಿಂತಲೂ ಮುಖ್ಯವಾದುದು ಪದದ ಒತ್ತು. ನಮ್ಮ ಛಂದಸ್ಸು ಮಾತ್ರೆಗಳನ್ನು ಎಣಿಸುತ್ತದೆ. ಲಘುವಾಗಲಿ ಗುರುವಾಗಲಿ ಪ್ರತಿಯೊಂದಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ: ಒಂದು ಭಾಗ ಎದ್ದು ನಿಂತರೆ ಉಳಿದವು ಕುಗ್ಗುತ್ತವೆ. ‘ಫೋಟೋಗ್ರಾಫ್’ ಎಂಬಲ್ಲಿ ಒತ್ತು ಮೊದಲ ಭಾಗದ ಮೇಲೆ, ‘ಫೋಟೋಗ್ರಾಫರ್’ ಎಂಬಲ್ಲಿ ಎರಡನೆಯದರ ಮೇಲೆ. ‘ರೆಕಾರ್ಡ್’ ನಾಮಪದವಾದರೆ ಒತ್ತು ಮುಂದೆ, ಕ್ರಿಯಾಪದವಾದರೆ ಹಿಂದೆ. ಭಾರತೀಯರ ಇಂಗ್ಲಿಷು ಹೊರನಾಡಿನವರಿಗೆ ಎಷ್ಟರಮಟ್ಟಿಗೆ ತಿಳಿಯುವುದೆಂಬ ಬಗೆಗೆ ಆರ್. ಕೆ. ಬನ್ಸಲ್ ಅವರು ಹೈದರಾಬಾದಿನಿಂದ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಒತ್ತಿನ ಸ್ಥಾನಪಲ್ಲಟವು ಪ್ರಮುಖ ತೊಡಕುಗಳಲ್ಲೊಂದಾಗಿ ಕಂಡುಬಂದಿತು. ಒತ್ತು ಬಂದಲ್ಲಿ ಚಪ್ಪಾಳೆ ತಟ್ಟಿಸುವುದು ಸುಲಭದ ಉಪಾಯ; ಕೋಲಾಟದ ಪೆಟ್ಟನ್ನು ಬಲ್ಲ ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ.

ಧೈರ್ಯವನ್ನು ಉಪದೇಶದಿಂದ ಕೊಡಲಾಗದು. ಮೊದಲು ಇಡೀ ತರಗತಿ ಒಕ್ಕೊರಲಿನಿಂದ, ಬಳಿಕ ಸಾಲು ಸಾಲಾಗಿ, ಆಮೇಲೆ ಇಬ್ಬಿಬ್ಬರಾಗಿ, ಕೊನೆಗೆ ಒಬ್ಬೊಬ್ಬರಾಗಿ ನುಡಿಸಿದರೆ ಅಂಜುವ ಮಗುವೂ ತಿಳಿಯದಂತೆ ಮುಂದೆ ಬರುತ್ತದೆ. ಮಾತಿನ ನಡುವೆ ತಡೆದು ತಿದ್ದಬಾರದು. ಮಗು ಮುಗಿಸಿದ ಮೇಲೆ ಗುರುಗಳು ಅದೇ ವಾಕ್ಯವನ್ನು ಸರಿಯಾಗಿ, ಸಹಜವಾಗಿ ಮರುನುಡಿದರಾಯಿತು. ಲಂಡನ್ನಿನ ಸೇತುವೆಯ ಬದಲು ಮೆಣಸಿನಕಾಯಿ ಪೇಟೆ, ಬಸ್ ನಿಲ್ದಾಣ, ಊರ ಜಾತ್ರೆ ಇವೇ ವಿಷಯಗಳಾಗಲಿ. ಹೇಳಬೇಕಾದುದು ಗೊತ್ತಿದ್ದಾಗ ಹೇಳುವ ಭಯ ಅರ್ಧವಾಗುತ್ತದೆ. ನಕ್ಕವರನ್ನು ಮಾತ್ರ ಅಲ್ಲಿಯೇ ತಡೆಯಬೇಕು.

ಇಂಗ್ಲಿಷಿಗೆ ಇಷ್ಟು ಆದರವೇಕೆಂದು ಕೇಳುವವರಿಗೆ ವಿ. ಕೃ. ಗೋಕಾಕರನ್ನು ನೆನಪಿಸಬಹುದು. ಇದೇ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಧಾರವಾಡದಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದ ಅವರು, ಹೈದರಾಬಾದಿನಲ್ಲಿ 1958ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನವಿರಬೇಕೆಂದು 1981ರಲ್ಲಿ ವರದಿಯಿತ್ತ ಸಮಿತಿಯ ಅಧ್ಯಕ್ಷರೂ ಅವರೇ.