ಪಡಸಾಲೆಗೆ ತಕ್ಕ ಟೆಲಿವಿಷನ್

ಮನೆಗೆ ಟೆಲಿವಿಷನ್ ತರಬೇಕೆಂದಾಗ ಅದರ ಬೆಲೆಯೇನು, ಯಾವ ಕಂಪನಿಯದು, ಎಷ್ಟು ವರ್ಷ ಬಾಳುವುದು ಎಂದು ನಾಲ್ಕು ಜನರನ್ನು ವಿಚಾರಿಸುವ ಗೃಹಸ್ಥರು, ಅದರ ಅಳತೆಯನ್ನು ಮಾತ್ರ ಅಂಗಡಿಯವನ ಮಾತಿಗೆ ಬಿಟ್ಟುಬಿಡುವರು. ಅಂಗಡಿಯವನಾದರೋ ವಿಶಾಲವಾದ ಕೋಣೆಯಲ್ಲಿ ಪ್ರಖರವಾದ ದೀಪಗಳ ಕೆಳಗೆ ಹತ್ತಿಪ್ಪತ್ತು ಟೆಲಿವಿಷನ್‌ಗಳನ್ನು ಸಾಲಾಗಿ ನಿಲ್ಲಿಸಿರುತ್ತಾನೆ. ಅಲ್ಲಿ 65 ಅಂಗುಲದ್ದರ ಮಗ್ಗುಲಲ್ಲಿ 43 ಅಂಗುಲದ್ದು ಕೈಗನ್ನಡಿಯಂತೆ ಕಾಣುವುದು ಸಹಜವೇ. ಆದರೆ ನಾವು ಅದನ್ನು ಅಂಗಡಿಯಲ್ಲಿ ನೋಡುವವರಲ್ಲ, ನಮ್ಮ ಪಡಸಾಲೆಯಲ್ಲಿ ನೋಡುವವರು. ಆದುದರಿಂದ ಅಳತೆಯ ವಿಚಾರವು ಪಡಸಾಲೆಯಿಂದಲೇ ಆರಂಭವಾಗತಕ್ಕದ್ದು.

ಬೀದರ ಜಿಲ್ಲೆ ಭಾಲ್ಕಿ ತಾಲೂಕಿನ ಸಾಯಗಾಂವದಂತಹ ಊರಿನ ಒಂದು ಮನೆಯನ್ನು ಮನಸ್ಸಿನ ಮುಂದಿಟ್ಟುಕೊಳ್ಳೋಣ. ಈ ಸೀಮೆಯ ಹಳೆಯ ಮನೆಗಳ ಗೋಡೆಗಳು ಕಲ್ಲುಮಣ್ಣಿನವು, ಬಲು ದಪ್ಪ; ಮೇಲೆ ಮಣ್ಣಿನ ಮಾಳಿಗೆ; ಕಿಟಕಿಗಳು ಕಡಿಮೆಯಾಗಿ, ಬೆಳಕು ಬಹುಮಟ್ಟಿಗೆ ಬಾಗಿಲಿನಿಂದಲೇ ಬರುವುದು. ಪಡಸಾಲೆಯ ಉದ್ದ ಹೆಚ್ಚು, ಅಗಲ ಕಡಿಮೆ. ಹೊಸ ಸಿಮೆಂಟಿನ ಮನೆಗಳಲ್ಲಿಯೂ ಮುಂದಿನ ಕೋಣೆಯು ಹತ್ತು ಹನ್ನೆರಡು ಅಡಿಯದಾಗಿರುವುದೇ ಸಾಮಾನ್ಯ. ಬೀಗರು ಬಂದರೆ ಕುಳ್ಳಿರಿಸುವುದು ಇಲ್ಲಿಯೇ. ಸುಗ್ಗಿಯಲ್ಲಿ ತೊಗರಿ ಉದ್ದಿನ ಚೀಲಗಳನ್ನು ಒಟ್ಟುವುದು ಇಲ್ಲಿಯೇ. ಅಜ್ಜನ ಮಂಚವೂ, ಹತ್ತನೆಯ ತರಗತಿಯ ಹುಡುಗಿಯ ಪುಸ್ತಕಗಳೂ ಇರುವುದು ಇಲ್ಲಿಯೇ. ಇಷ್ಟು ಕೆಲಸಗಳಿರುವ ಕೋಣೆಯೊಳಕ್ಕೆ ಟೆಲಿವಿಷನ್ನು ಒಬ್ಬ ನೆಂಟನಂತೆ ಬರಬೇಕೇ ಹೊರತು ಯಜಮಾನನಂತೆ ಬರಕೂಡದು.

ಮೊದಲು ಅಳತೆಯ ಅರ್ಥವನ್ನು ತಿಳಿಯಬೇಕು. 43 ಅಂಗುಲವೆಂದರೆ ಅಗಲವೂ ಅಲ್ಲ, ಎತ್ತರವೂ ಅಲ್ಲ. ಚಿತ್ರದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ದಾರದ ಉದ್ದ. ಡಬ್ಬಿಯ ಮೇಲೆ ಇದನ್ನೇ 108 ಸೆಂಟಿಮೀಟರ್ ಎಂದು ಬರೆದಿರುತ್ತಾರೆ. ಈ ಅಳತೆಯ ಪರದೆಯು ಸುಮಾರು 37½ ಅಂಗುಲ ಅಗಲ, 21 ಅಂಗುಲ ಎತ್ತರವಿರುವುದು. 32ರದು 28 ಅಂಗುಲ ಅಗಲ, ಹೆಚ್ಚುಕಡಿಮೆ 16 ಅಂಗುಲ ಎತ್ತರ. 55ರದು 48 ಅಗಲ, 27 ಎತ್ತರ. ಓರೆಯ ಅಳತೆ ಸ್ವಲ್ಪವೇ ಬೆಳೆದರೂ ಚಿತ್ರದ ವಿಸ್ತಾರವು ಬಹಳ ಬೆಳೆಯುತ್ತದೆ. 43ರಿಂದ 55ಕ್ಕೆ ಹೋದರೆ ಹೆಚ್ಚಿದ್ದು ಹನ್ನೆರಡೇ ಅಂಗುಲವೆಂದು ತೋರುವುದು. ಗೋಡೆಯ ಮೇಲೆ ಅದು ಆವರಿಸುವ ಸ್ಥಳವಾದರೋ ಒಂದಕ್ಕೆ ಒಂದೂವರೆ ಪಾಲಿಗಿಂತಲೂ ಅಧಿಕ.

ಇನ್ನು ದೂರದ ಲೆಕ್ಕ. ಇದರಲ್ಲಿಯೇ ಬಹು ಜನರಿಗೆ ಗೊಂದಲವಾಗುವುದು. ಏಕೆಂದರೆ ಎರಡು ಲೆಕ್ಕಗಳಿವೆ, ಎರಡೂ ನಿಜವೇ. ಚಿತ್ರವು ಎಚ್.ಡಿ. ಎಂಬ ಸೂಕ್ಷ್ಮ ಬಗೆಯದಾಗಿದ್ದರೆ ಓರೆಯ ಅಳತೆಯ ಒಂದೂವರೆ ಪಾಲಿಗಿಂತ ತುಸು ಹೆಚ್ಚು ದೂರದಲ್ಲಿ ಕುಳಿತರೆ ಸಾಕು: 43ಕ್ಕೆ ಆರು ಅಡಿ, 55ಕ್ಕೆ ಏಳೂವರೆ ಅಡಿ. ಹಳೆಯ ಬಗೆಯ ಸಾಮಾನ್ಯ ಪ್ರಸಾರದಲ್ಲಿ ಚಿತ್ರಕ್ಕೆ 576 ಗೆರೆಗಳು ಮಾತ್ರ ಇರುವುದರಿಂದ, ಅದು ಸ್ವಚ್ಛವಾಗಿ ಕಾಣಬೇಕಾದರೆ ಪರದೆಯ ಎತ್ತರದ ಆರರಷ್ಟು ದೂರ ಬೇಕು: 32ಕ್ಕೆ ಎಂಟು ಅಡಿ, 43ಕ್ಕೆ ಹತ್ತೂವರೆ, 55ಕ್ಕೆ ಹದಿಮೂರೂವರೆ ಅಡಿ. ಅಂಗಡಿಯಲ್ಲಿ ತೋರಿಸುವುದು ಯಾವಾಗಲೂ ಮೊದಲನೆಯ ಬಗೆಯ ಚಿತ್ರ. ಹೂವು, ಜಲಪಾತ, ಗಿಳಿಯ ರೆಕ್ಕೆ! ತಿಂಗಳ ಬಾಡಿಗೆಯಿಲ್ಲದ ಡಿ.ಡಿ. ಫ್ರೀ ಡಿಶ್ ಹಾಕಿಸಿಕೊಂಡ ಮನೆಯಲ್ಲಿ ಬರುವುದಾದರೋ ಹೆಚ್ಚಾಗಿ ಎರಡನೆಯ ಬಗೆಯದು. ಅದನ್ನು 55 ಅಂಗುಲಕ್ಕೆ ಹಿಗ್ಗಿಸಿ ಎಂಟು ಅಡಿಯಿಂದ ನೋಡಿದರೆ ಮುಖಗಳು ನೀರಿನಲ್ಲಿ ನೆನೆದ ಕಾಗದದಂತೆ ಕಾಣುವುವು. ಹಣ ಹೆಚ್ಚು ತೆತ್ತು ಚಿತ್ರವನ್ನು ಕೆಡಿಸಿಕೊಂಡಂತಾಯಿತು.

ಹಾಗಾದರೆ ಎಂಟೊಂಬತ್ತು ಅಡಿ ಅಗಲದ ಪಡಸಾಲೆಗೆ ಯಾವುದು ತಕ್ಕದ್ದು? ಒಂದು ಲೆಕ್ಕವು 32 ಎನ್ನುವುದು, ಇನ್ನೊಂದು 55 ಎನ್ನುವುದು. ಸಂಜೆ ವಾರ್ತೆ, ಚಂದನದ ಕಾರ್ಯಕ್ರಮ, ಗಡಿಯಾಚೆಯ ಮರಾಠಿ ಧಾರಾವಾಹಿಗಳನ್ನು ಸಾಮಾನ್ಯ ಪ್ರಸಾರದಲ್ಲಿ ನೋಡಿ, ಭಾನುವಾರಕ್ಕೊಮ್ಮೆ ಮಕ್ಕಳ ಮೊಬೈಲಿನ ಮೂಲಕ ಸಿನಿಮಾ ಹಚ್ಚುವ ಮನೆಗೆ 43 ಅಂಗುಲವೇ ಯೋಗ್ಯವೆಂದು ನನ್ನ ಅಭಿಪ್ರಾಯ. ಕೇವಲ ಫ್ರೀ ಡಿಶ್ ಇರುವ, ಆರೇಳು ಅಡಿಯ ಚಿಕ್ಕ ಕೋಣೆಗೆ 32 ಧಾರಾಳವಾಯಿತು. ಹನ್ನೆರಡು ಅಡಿ ದೂರ ಕುಳಿತು ಎಚ್.ಡಿ. ಚಿತ್ರವನ್ನೇ ನೋಡುವವರು 55ನ್ನು ತಂದರೆ ತಪ್ಪಿಲ್ಲ. ಫೋರ್ ಕೆ ಎಂದು ದೊಡ್ಡದಾಗಿ ಬರೆದಿರುವುದನ್ನು ನೋಡಿ ಮರುಳಾಗಬೇಕಾದುದಿಲ್ಲ. ಎಂಟು ಅಡಿ ದೂರದಿಂದ 43 ಅಂಗುಲದ ಪರದೆಯಲ್ಲಿ ಅದರ ಹೆಚ್ಚಿನ ಸೂಕ್ಷ್ಮತೆಯನ್ನು ಸಾಮಾನ್ಯ ದೃಷ್ಟಿಯು ಗುರುತಿಸಲಾರದು.

ದೊಡ್ಡದರ ಹಂಬಲಕ್ಕೆ ನಮ್ಮ ಸೀಮೆಯಲ್ಲಿ ಒಂದು ಪೂರ್ವಕಥೆಯುಂಟು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಇಸ್ರೋ ಸಂಸ್ಥೆಯು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ಕಳುಹಿಸಿತು. ಕರ್ನಾಟಕದಲ್ಲಿ ಆ ಭಾಗ್ಯವು ನಮ್ಮ ನೆರೆಯ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ದೊರೆಯಿತು. ಹತ್ತು ಅಡಿ ಅಗಲದ ತಂತಿಜಾಲರಿಯ ತಟ್ಟೆ, ಊರಿಗೆಲ್ಲ ಒಂದೇ ಪೆಟ್ಟಿಗೆ, ಎದುರಿಗೆ ನೆಲದ ಮೇಲೆ ಇಡೀ ಊರು. ಹಿಂದೆ ಕುಳಿತವರಿಗೆ ಕಾಣದಿದ್ದರೆ ಮುಂದಕ್ಕೆ ಸರಿಯಬೇಕೇ ವಿನಾ ಬೇರೆ ಉಪಾಯವಿರಲಿಲ್ಲ. ಗಾಜಿನ ಕೊಳವೆಯ ಪೆಟ್ಟಿಗೆಯನ್ನು ಮನಬಂದಷ್ಟು ಬೆಳೆಸುವಂತಿರಲಿಲ್ಲ. 1982ರಲ್ಲಿ ಬಣ್ಣ ಬಂದ ಮೇಲೆಯೂ 20, 21 ಅಂಗುಲವೆಂದರೆ ಮನೆಗೆ ದೊಡ್ಡದೇ. ಅದನ್ನು ಎತ್ತಿಡಲು ಇಬ್ಬರು ಬೇಕಾಗುತ್ತಿದ್ದರು. ಆ ಭಾರವೇ ಒಂದು ಕಡಿವಾಣವಾಗಿತ್ತು. ತೆಳುವಾದ ಹಲಗೆಯಂತಹ ಟಿ.ವಿ. ಬಂದು ಆ ಕಡಿವಾಣವನ್ನು ಕಳಚಿತು. ಇನ್ನು ಅದನ್ನು ಹಾಕಬೇಕಾದವರು ಮನೆಯವರೇ.

ತೆರಿಗೆಯೂ ಒಂದು ಕಡಿವಾಣವಾಗಿದ್ದಿತು. 2019ರ ಜನವರಿಯಿಂದ 32 ಅಂಗುಲದವರೆಗಿನದಕ್ಕೆ ಜಿ.ಎಸ್.ಟಿ. ಶೇಕಡಾ 18, ಅದನ್ನು ಮೀರಿದುದಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲಕ್ಕೂ 18 ಆಯಿತು. ಇದು ಗೃಹಸ್ಥರಿಗೆ ಅನುಕೂಲವೇ. ಆದರೆ ಉಳಿದ ಹಣವನ್ನು ಮತ್ತೆ ಹನ್ನೆರಡು ಅಂಗುಲಕ್ಕೆ ಸುರಿದರೆ ಉಳಿದದ್ದೇನು? ದೀಪಾವಳಿಯ ಹೊತ್ತಿಗೆ ಸೋಯಾಬೀನ್ ಮಾರಿದ ಹಣ ಕೈಯಲ್ಲಿರುವಾಗಲೇ ಭಾಲ್ಕಿ, ಬೀದರ, ಉದಗೀರಗಳ ಅಂಗಡಿಗಳು ಬಡ್ಡಿಯಿಲ್ಲದ ಕಂತು ಎಂದು ಕರೆಯುವುವು. ಬಡ್ಡಿಯೇ ಇಲ್ಲದ ಸಾಲವೆಂಬುದು ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಯಹೇಳಿದೆ. ಅದೇ ಹಣದಲ್ಲಿ ಹುಡುಗಿಯ ಕಾಲೇಜಿನ ಮೊದಲ ವರ್ಷದ ಖರ್ಚೂ ಅಡಗಿರುವುದೆಂಬುದನ್ನು ಮನೆಯಾಕೆಯು ಯಜಮಾನನಿಗೆ ನೆನಪಿಸುವುದೊಳ್ಳೆಯದು.

ವಿದ್ಯುತ್ತಿನ ಖರ್ಚನ್ನೂ ನೋಡಬೇಕು. 75 ವಾಟಿನ ಟಿ.ವಿ. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಸುಮಾರು 11 ಯುನಿಟ್, 120 ವಾಟಿನದಾದರೆ 18. ಗೃಹಜ್ಯೋತಿಯ ಉಚಿತ ಮಿತಿಯನ್ನು ಮನೆಯ ಹಿಂದಿನ ಬಳಕೆಯ ಮೇಲೆ ನಿಗದಿಮಾಡಿರುವುದರಿಂದ, ಅಂಚಿನಲ್ಲಿರುವ ಮನೆಗೆ ಆ ಏಳು ಯುನಿಟ್ಟೂ ಲೆಕ್ಕಕ್ಕೆ ಬರುವುದು. ವಾಟಿನ ಸಂಖ್ಯೆಯನ್ನು ಹಿಂಬದಿಯ ಪಟ್ಟಿಯಲ್ಲಿ ಓದಿಕೊಳ್ಳಬಹುದು.

ಎಲ್ಲಿಡಬೇಕೆಂಬುದು ಅಳತೆಯಷ್ಟೇ ಮುಖ್ಯ. ಪಡಸಾಲೆಯ ಗಿಡ್ಡ ಗೋಡೆಗೆ ತಗುಲಿಸಿದರೆ ತುದಿಯ ಮಂಚದಲ್ಲಿರುವ ಅಜ್ಜನಿಗೆ ಹದಿನೈದು ಅಡಿಯಾಗುವುದು. ಉದ್ದ ಗೋಡೆಗೆ ಇಟ್ಟರೆ ಎಲ್ಲರಿಗೂ ಎಂಟೊಂಬತ್ತು ಅಡಿ. ಬಾಗಿಲಿನ ಎದುರಿನ ಗೋಡೆಯು ಸಲ್ಲದು. ಹಗಲೆಲ್ಲ ಅಂಗಳದ ಬಿಸಿಲೇ ಪರದೆಯಲ್ಲಿ ಕಾಣುವುದು. ಜಮಖಾನೆಯ ಮೇಲೆ ಕುಳಿತವರ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ, ಕುರ್ಚಿಯವರದು ನಾಲ್ಕು ಅಡಿಯೊಳಗೆ. ಹೀಗಿರುವಾಗ ದೇವರ ಪಟದ ಸಾಲಿನಲ್ಲಿ ಆರು ಅಡಿ ಎತ್ತರಕ್ಕೆ ಟಿ.ವಿ.ಯನ್ನು ತೂಗುಹಾಕಿ ಮಕ್ಕಳ ಕತ್ತು ನೋಯಿಸುವುದೇಕೆ? ಮಣ್ಣಿನ ಗೋಡೆಯಲ್ಲಿ ಮೊಳೆಯೂ ಭದ್ರವಾಗಿ ನಿಲ್ಲದು. ಗಿಡ್ಡ ಮೇಜೇ ಮೇಲು. ಹಳೆಯ ಪೆಟ್ಟಿಗೆಯಿದ್ದ ಗೋಡೆಗೂಡಿನಲ್ಲಿಯೇ ಹೊಸದನ್ನು ಕೂರಿಸುವ ಮನಸ್ಸಿದ್ದರೆ ಗೂಡಿನ ಅಗಲವನ್ನು ಮೊದಲೇ ಅಳೆಯಿರಿ. 32 ಅಂಗುಲದ್ದಕ್ಕೂ ಎರಡೂವರೆ ಅಡಿ ಬೇಕು.

ಕೊಳ್ಳುವ ಮೊದಲು ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ 37½ ಅಂಗುಲ ಅಗಲ, 21 ಅಂಗುಲ ಎತ್ತರದ ಹಾಳೆ ಮಾಡಿ, ಗೋಡೆಗೆ ಹಚ್ಚಿ ಎರಡು ದಿನ ಬಿಡಿ. ಓದುವ ಹುಡುಗಿ ಎಲ್ಲಿ ಕುಳಿತರೆ ಅದು ಅವಳ ಕಣ್ಣಿಗೆ ಬೀಳುವುದಿಲ್ಲವೆಂದು ನೋಡಿ. ಅಂತಹ ಮೂಲೆ ಸಿಕ್ಕದಿದ್ದರೆ ಹಾಳೆಯನ್ನು ಸರಿಸಿ, ಇಲ್ಲವೇ ಕತ್ತರಿಸಿ ಚಿಕ್ಕದು ಮಾಡಿ. ಅಜ್ಜನ ಮಂಚದಿಂದ ಹಾಳೆಯವರೆಗೆ ಒಂದು ಹಗ್ಗ ಹಿಡಿದು ಗಂಟು ಹಾಕಿ. ಅಂಗಡಿಗೆ ಹೋಗುವಾಗ ಆ ಹಗ್ಗವನ್ನೂ ಅಜ್ಜನನ್ನೂ ಜೊತೆಯಲ್ಲಿ ಕರೆದೊಯ್ಯಿರಿ. ಗಿಳಿಯ ರೆಕ್ಕೆಯನ್ನು ನಿಲ್ಲಿಸಿ ಕನ್ನಡ ವಾರ್ತೆಯನ್ನು ಹಚ್ಚಿಸಿ, ಹಗ್ಗದಷ್ಟು ದೂರ ಅಜ್ಜನನ್ನು ಕುಳ್ಳಿರಿಸಿ, ಕೆಳಗೆ ಓಡುವ ಸಾಲಿನ ಒತ್ತಕ್ಷರಗಳನ್ನು ಆತನೇ ಓದಿ ಹೇಳಲಿ.