ಅಕ್ಕ ಬರೆದ ಪತ್ರ, ತಂಗಿ ಓದಿದ ಪತ್ರ

2017ರ ಜುಲೈ, ಆಗಸ್ಟ್ ತಿಂಗಳ ಸೋಮವಾರಗಳು ನೆನಪಿವೆಯೇ? ಅಮೆರಿಕದಲ್ಲಿ ಭಾನುವಾರ ರಾತ್ರಿ ಎಚ್‌ಬಿಒ ಪ್ರಸಾರ ಮಾಡುತ್ತಿದ್ದ ‘ಗೇಮ್ ಆಫ್ ಥ್ರೋನ್ಸ್’ ನಮಗೆ ಸೋಮವಾರ ಬೆಳಿಗ್ಗೆ ಹಾಟ್‌ಸ್ಟಾರ್‌ನಲ್ಲಿ ಸಿಗುತ್ತಿತ್ತು. ಚೆನ್ನೈನ ಓಎಂಆರ್ ರಸ್ತೆಯ ನಮ್ಮ ಆಫೀಸಿನಲ್ಲಿ ಆ ಏಳು ವಾರ ಮಧ್ಯಾಹ್ನದ ಊಟಕ್ಕೆ ಎರಡು ಗುಂಪು. ಬೆಳಿಗ್ಗೆ ಬೇಗ ಎದ್ದು ನೋಡಿಕೊಂಡು ಬಂದವರದ್ದು ಒಂದು, ಕಿವಿ ಮುಚ್ಚಿಕೊಂಡು ದೂರ ಕೂರುವವರದ್ದು ಇನ್ನೊಂದು.

ನೋಡಿದವರ ಗುಂಪಿನಲ್ಲಿ ಡ್ರ್ಯಾಗನ್‌ಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಸತ್ತವರು ಎದ್ದು ನಡೆಯುವುದಕ್ಕೂ ಇರಲಿಲ್ಲ. ತಕರಾರೆಲ್ಲ ಸಾನ್ಸಾ ಮತ್ತು ಆರ್ಯಾ ಎಂಬ ಅಕ್ಕ ತಂಗಿಯ ಮೇಲೆ. “ಅಷ್ಟು ವರ್ಷ ಆದಮೇಲೆ ಸಿಕ್ಕಿದಾರೆ, ಒಂದು ಹಳೇ ಚೀಟಿಗೋಸ್ಕರ ಹೀಗೆ ಕಚ್ಚಾಡ್ತಾರಾ? ಲಾಜಿಕ್ಕೇ ಇಲ್ಲ” ಎಂದು ನಮ್ಮ ಟೀಮಿನ ಹುಡುಗರು ತೀರ್ಪು ಕೊಟ್ಟುಬಿಟ್ಟಿದ್ದರು. ನನಗೆ ಆಗಲೂ ಹಾಗನ್ನಿಸಿರಲಿಲ್ಲ, ಆದರೆ ಯಾಕೆ ಅಂತ ಹೇಳಲು ಬಂದಿರಲಿಲ್ಲ. ಹೋದ ನವೆಂಬರಿನ ಮಳೆಯಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದಾಗ ಆ ಏಳನೇ ಸೀಸನ್ನನ್ನು ಮತ್ತೆ ನೋಡಿದೆ. (ಇನ್ನೂ ನೋಡದವರು ಇದ್ದರೆ ಇಲ್ಲಿಗೇ ನಿಲ್ಲಿಸಿ. ಮುಂದೆ ಕಥೆಯೆಲ್ಲ ಬರುತ್ತದೆ.)

ಮರೆತವರಿಗೆ ಸ್ವಲ್ಪ ಹಿನ್ನೆಲೆ. ಸಾನ್ಸಾ ಅಕ್ಕ, ರಾಣಿಯಾಗುವ ಕನಸಿನ ಹುಡುಗಿ. ಆರ್ಯಾ ತಂಗಿ, ಕಸೂತಿ ಬಿಟ್ಟು ಕತ್ತಿ ಹಿಡಿದವಳು. ಮೊದಲ ಸೀಸನ್ನಿನಲ್ಲೇ ಇಬ್ಬರಿಗೂ ಸರಿಯಿಲ್ಲ. ರಾಜಕುಮಾರ ಸುಳ್ಳು ಹೇಳಿದಾಗ ಸಾಕ್ಷಿ ನುಡಿಯಬೇಕಿದ್ದ ಅಕ್ಕ ನೆನಪಿಲ್ಲ ಎಂದುಬಿಡುತ್ತಾಳೆ. ಆ ಪ್ರಕರಣದಲ್ಲಿ ಆರ್ಯಾಳ ಗೆಳೆಯ, ಕಟುಕನ ಮಗ, ಸಾಯುತ್ತಾನೆ. ಮುಂದೆ ಅಪ್ಪ ಸೆರೆಯಾದಾಗ ರಾಣಿ ಸರ್ಸಿ ಸಾನ್ಸಾಳನ್ನು ಕೂರಿಸಿಕೊಂಡು ಅಣ್ಣನಿಗೆ ಒಂದು ಪತ್ರ ಬರೆಸುತ್ತಾಳೆ: ಅಪ್ಪ ದ್ರೋಹಿ, ನೀನು ಬಂದು ಹೊಸ ರಾಜನಿಗೆ ತಲೆಬಾಗು ಎಂದು. ಅಪ್ಪನ ತಲೆ ತೆಗೆಯುವ ದಿನ ಸಾನ್ಸಾ ವೇದಿಕೆಯ ಮೇಲೆ, ಆರ್ಯಾ ಕೆಳಗೆ ಜನರ ನಡುವೆ. ಅಲ್ಲಿಂದ ಬೇರೆಯಾದವರು ಮತ್ತೆ ಮುಖ ನೋಡುವುದು ಏಳನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ. ಆಮೇಲೆ ಲಿಟಲ್‌ಫಿಂಗರ್ ಆ ಹಳೇ ಪತ್ರ ಆರ್ಯಾಳ ಕೈಗೆ ಸಿಗುವ ಹಾಗೆ ಮಾಡುತ್ತಾನೆ.

ಪತ್ರಕ್ಕಾಗಿ ಜಗಳ ಎನ್ನುವುದು ಸರಿಯಲ್ಲ. ಜಗಳ ಪತ್ರಕ್ಕಿಂತ ಮೊದಲೇ ಶುರುವಾಗಿದೆ. ಐದನೇ ಕಂತಿನಲ್ಲಿ ಆರ್ಯಾ ಮೊದಲು ಎತ್ತುವ ಮಾತು ಯಾವುದು? ಅಪ್ಪ ಅಮ್ಮನ ಕೋಣೆಯಲ್ಲಿ ನೀನು ಮಲಗುತ್ತಿದ್ದೀಯಲ್ಲ, ಚೆಂದದ ವಸ್ತುಗಳೆಂದರೆ ನಿನಗೆ ಮೊದಲಿಂದಲೂ ಆಸೆ ಎಂಬುದು. ಎಷ್ಟು ಸಣ್ಣ ಮಾತು! ಆದರೆ ಮನೆಯ ಹೆಣ್ಣುಮಕ್ಕಳ ಜಗಳ ಕೇಳಿದವರಿಗೆ ಗೊತ್ತು, ಅಮ್ಮನ ಕೋಣೆ, ಅಮ್ಮನ ಬೀರು, ಅಮ್ಮನ ಬಳೆ ಇವೇ ಮೊದಲು ಬರುವುದು. ಆರ್ಯಾಳ ಎದುರಿಗಿರುವುದು ಎರಡು ಮದುವೆ, ಹೊಡೆತ, ಅತ್ಯಾಚಾರ ದಾಟಿ ಬಂದ ಹೆಂಗಸು. ಆದರೆ ಅವಳ ಕಣ್ಣಿಗೆ ಕಾಣುವುದು ಆ ವೇದಿಕೆಯ ಮೇಲೆ ಒಳ್ಳೆಯ ಬಟ್ಟೆ ತೊಟ್ಟು ನಿಂತಿದ್ದ ಅಕ್ಕ. ಸಾನ್ಸಾಳಿಗೂ ಅಷ್ಟೇ. ತಂಗಿ ಎಂದರೆ ಹಠಮಾರಿ ಪುಟ್ಟ ಹುಡುಗಿ. ಆ ಹುಡುಗಿಯ ಚೀಲದಲ್ಲಿ ಸತ್ತವರ ಮುಖಗಳು ಸಿಕ್ಕಾಗ ಅವಳು ಹೆದರುವುದು ಸಹಜವಲ್ಲವೇ? ಬಿಟ್ಟುಹೋದ ದಿನ ಯಾವ ವಯಸ್ಸಿತ್ತೋ ಆ ವಯಸ್ಸಿನಲ್ಲೇ ಒಬ್ಬರನ್ನೊಬ್ಬರು ನಿಲ್ಲಿಸಿಕೊಂಡಿದ್ದಾರೆ.

ಇದು ನನಗೆ ಅಷ್ಟು ಸುಲಭವಾಗಿ ಅರ್ಥವಾಗಲು ಕಾರಣ ನಮ್ಮ ಮನೆಯಲ್ಲೂ ಒಂದು ಕಾಗದ ಇತ್ತು.

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎನ್ನುತ್ತೇವೆ. ಅಕ್ಕತಂಗಿಯರ ಬಗ್ಗೆ ಅಂಥ ಗಾದೆ ಯಾಕಿಲ್ಲ? ಅವರಿಗೆ ಹಂಚಿಕೊಳ್ಳಲು ಪಾಲೇ ಇರಲಿಲ್ಲವಲ್ಲ! ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟವು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟವು. 2005ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಅದರ ಹಿಂದೆಯೇ ಎಷ್ಟೋ ಮನೆಗಳಿಗೆ ಹಕ್ಕು ಬಿಡುಗಡೆ ಪತ್ರವೂ ಬಂತು. ನಮ್ಮ ಮನೆಗೆ ಬಂದದ್ದು 2006ರಲ್ಲಿ.

ತಿಪಟೂರಿನ ಹತ್ತಿರ ಅಜ್ಜನ ತೆಂಗಿನ ತೋಟ. ಅಜ್ಜ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು, ದುಡ್ಡು ಬೇಕಿತ್ತು. ತೋಟದ ಒಂದು ಭಾಗ ಮಾರಬೇಕು, ಇಬ್ಬರೂ ಸಹಿ ಹಾಕಿಕೊಡಿ ಎಂದು ಮಾವ ಕೇಳಿದ. ಚಿಕ್ಕಮ್ಮ ಮುಂಬೈಯಲ್ಲಿದ್ದಳು. “ನಾನು ಬರೋ ತನಕ ಏನೂ ಮಾಡ್ಬೇಡ ಅಕ್ಕ” ಎಂದು ಫೋನಿನಲ್ಲಿ ಹೇಳಿದ್ದಳಂತೆ. ಅಮ್ಮ ಮರುದಿನವೇ ಸಹಿ ಹಾಕಿದಳು. ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿದ್ದು ಅಮ್ಮನಿಂದಲ್ಲ, ಬೇರೆಯವರಿಂದ. ಅಕ್ಕ ಅಣ್ಣನ ಕಡೆ ಸೇರಿಕೊಂಡಳು ಎಂದು ಆಕೆ ತೀರ್ಮಾನಿಸಿದಳು. ಮುಂದಿನ ಎಂಟು ವರ್ಷ ಇಬ್ಬರಿಗೂ ಮಾತಿಲ್ಲ. ಮದುವೆ ಮನೆಗಳಲ್ಲಿ “ನಿಮ್ಮಮ್ಮಂದು ಊಟ ಆಯ್ತಾ ಕೇಳು” ಎಂದು ಚಿಕ್ಕಮ್ಮ ನನ್ನನ್ನು ಕಳಿಸುತ್ತಿದ್ದಳು. ಅಮ್ಮ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದಳು.

ಆಫೀಸಿನ ಹುಡುಗರ ಪ್ರಶ್ನೆ ಇದೇ: ಯಾಕೆ ಬರೆದೆ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿರಲಿಲ್ಲವೇ? ಮುಗಿಯುತ್ತಿತ್ತು. ಆದರೆ ಕೇಳಲು ಉತ್ತರದ ಮೇಲೆ ನಂಬಿಕೆ ಬೇಕು. ಸಾನ್ಸಾ ಉತ್ತರ ಕೊಟ್ಟೇ ಕೊಡುತ್ತಾಳೆ, ನಾನಾಗ ಮಗು, ಬಲವಂತವಾಗಿ ಬರೆಸಿದರು ಎಂದು. ಆರ್ಯಾ ಒಪ್ಪುವುದಿಲ್ಲ. ಅದಕ್ಕಿಂತ ಚಿಕ್ಕವಳೇ ಆಗಿ ಸೈನ್ಯದ ಮುಂದೆ ನಿಲ್ಲುವ ಲಿಯಾನಾ ಮಾರ್ಮಂಟಳ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾಳೆ. ನಮ್ಮ ಚಿಕ್ಕಮ್ಮನೂ ಅಮ್ಮನ ಕಾರಣವನ್ನು ಬೇರೆಯವರ ಬಾಯಲ್ಲಿ ಕೇಳಿದ್ದಳು. “ನಾನಾಗಿದ್ರೆ ಹಾಕ್ತಿರಲಿಲ್ಲ” ಎಂದಿದ್ದಳು.

ಹಾಗಾಗಿ ಅಪನಂಬಿಕೆ ನಂಬುವಂಥದ್ದೇ ಎನ್ನುವುದು ನನ್ನ ಪಕ್ಷ. ನಂಬಲಾಗದ್ದು ಬೇರೆ ಇದೆ. ಎಲ್ಲ ಕಂಡವನೆಂದು ಧಾರಾವಾಹಿಯೇ ಹೇಳುವ ತಮ್ಮ ಬ್ರ್ಯಾನ್ ಅದೇ ಕೋಟೆಯಲ್ಲಿ ಕೂತಿರುವಾಗ ಯಾರೂ ಅವನ ಹತ್ತಿರ ಹೋಗುವುದು ಕಾಣುವುದಿಲ್ಲ. ನಿನ್ನ ಮುಖವನ್ನೂ ತೊಡಬಲ್ಲೆ ಎನ್ನುವ ಹಾಗೆ ತಂಗಿ ಕಠಾರಿ ಹಿಡಿದು ಅಕ್ಕನನ್ನು ಹೆದರಿಸುವುದು ನಮಗಾಗಿ ಮಾಡಿದ ನಾಟಕ, ಅವರಿಬ್ಬರಿಗಾಗಿ ಅಲ್ಲ. ಕೊನೆಯ ಕಂತಿನಲ್ಲಿ ಆರ್ಯಾಳ ವಿಚಾರಣೆ ಎಂದು ನಾವು ಉಸಿರು ಹಿಡಿದು ಕೂತಾಗ ಸಾನ್ಸಾ ಲಿಟಲ್‌ಫಿಂಗರ್ ಕಡೆ ತಿರುಗುತ್ತಾಳೆ. ಚಪ್ಪಾಳೆ ಬೀಳುವ ದೃಶ್ಯ, ನಿಜ. ಆದರೆ ಅಕ್ಕ ತಂಗಿ ಒಂದಾದದ್ದು ಯಾವಾಗ? ಯಾರು ಮೊದಲು ಬಾಗಿಲು ತಟ್ಟಿದರು? ಬ್ರ್ಯಾನ್ ಪಾತ್ರದ ಐಸಾಕ್ ಹೆಂಪ್‌ಸ್ಟೆಡ್ ರೈಟ್ ಆಮೇಲೆ ಒಂದು ಸಂದರ್ಶನದಲ್ಲಿ ಹೇಳಿದರು, ಸಾನ್ಸಾ ಬಂದು ಅವನ ಸಹಾಯ ಕೇಳುವ ದೃಶ್ಯ ಚಿತ್ರೀಕರಣವಾಗಿತ್ತು, ಅದನ್ನು ತೆಗೆದುಹಾಕಿದರು ಎಂದು. ನಮ್ಮನ್ನು ಬೆಚ್ಚಿಬೀಳಿಸಲು ಕಥೆಯ ಮುಖ್ಯ ಜಾಗವನ್ನೇ ಕತ್ತರಿಸಿದ ಹಾಗಾಯಿತು. ಜಾರ್ಜ್ ಮಾರ್ಟಿನ್ ಅವರ ಕಾದಂಬರಿಗಳು ಈ ಅಕ್ಕ ತಂಗಿಯ ಮರುಭೇಟಿಯವರೆಗೆ ಬಂದೇ ಇಲ್ಲ. ದಾರಿ ತೋರಿಸುವ ಪುಸ್ತಕವಿಲ್ಲದೆ ಬರೆದವರ ಅವಸರ ಇಲ್ಲಿ ಕಾಣುತ್ತದೆ.

ಹೋಲಿಕೆಗೆ ನಮ್ಮ ಮಹಾಭಾರತದ ಕದ್ರು ವಿನತೆಯರನ್ನು ನೋಡಿ. ಅವರೂ ಅಕ್ಕತಂಗಿಯರು, ಸಾಲದ್ದಕ್ಕೆ ಸವತಿಯರು. ಉಚ್ಚೈಃಶ್ರವಸ್ಸಿನ ಬಾಲ ಕಪ್ಪೋ ಬಿಳುಪೋ ಎಂದು ಪಂತ. ಕದ್ರು ತನ್ನ ಹಾವುಮಕ್ಕಳನ್ನು ಬಾಲಕ್ಕೆ ಸುತ್ತಿಕೊಳ್ಳಲು ಕಳಿಸುತ್ತಾಳೆ, ವಿನತೆ ದಾಸಿಯಾಗುತ್ತಾಳೆ. ಅಲ್ಲಿ ಮೂರನೆಯವನ ಕೈವಾಡವೇ ಇಲ್ಲ. ಎಲ್ಲವನ್ನೂ ಕಥೆ ಮೊದಲೇ ನಮ್ಮ ಕಣ್ಣೆದುರು ಇಡುತ್ತದೆ, ಆದರೂ ಎದೆ ಹೊಡೆದುಕೊಳ್ಳುತ್ತದೆ. ಲಿಟಲ್‌ಫಿಂಗರ್ ಇದ್ದರೆ ಒಂದು ಅನುಕೂಲ, ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿ ಕತ್ತು ಕೊಯ್ದರೆ ಆಯಿತು. ನಮ್ಮ ಮನೆಯಲ್ಲೂ ಎಲ್ಲರೂ ಮಾವನನ್ನೇ ಬೈದರು. ಪಾಪ, ಅವನು ಕೇಳಿದ್ದು ಆಸ್ಪತ್ರೆಯ ಬಿಲ್ಲಿಗೆ.

ಅಮ್ಮ ಚಿಕ್ಕಮ್ಮ ಮಾತಾಡಿದ್ದು 2014ರಲ್ಲಿ, ನನ್ನ ಮದುವೆಯ ಹಿಂದಿನ ರಾತ್ರಿ. ಛತ್ರದಲ್ಲಿ ರೂಮು ಸಾಲದೆ ಇಬ್ಬರನ್ನೂ ಒಂದೇ ಕಡೆ ಹಾಕಿದ್ದರು. ಏನು ಮಾತಾಡಿದರೋ ನಾನು ನೋಡಿಲ್ಲ. ಬೆಳಿಗ್ಗೆ ಐದಕ್ಕೆ ಬಾಗಿಲು ತಟ್ಟಿದಾಗ ಚಿಕ್ಕಮ್ಮ ಅಮ್ಮನಿಗೆ ಜಡೆ ಹಾಕುತ್ತಿದ್ದಳು. ಇಬ್ಬರ ಕಣ್ಣೂ ಊದಿತ್ತು. “ಏನಾಯ್ತು?” ಎಂದೆ. “ಏನಿಲ್ಲ, ಕಾಫಿ ತರ್ಸು” ಎಂದಳು ಚಿಕ್ಕಮ್ಮ.

ಆ ಧಾರಾವಾಹಿಯಲ್ಲೂ ಕೊನೆಗೆ ಇಬ್ಬರೂ ಕೋಟೆಯ ಗೋಡೆಯ ಮೇಲೆ ಹಿಮದಲ್ಲಿ ನಿಂತು ಅಪ್ಪನನ್ನು ನೆನೆಯುತ್ತಾರೆ. ನೀನು ದಾಟಿ ಬಂದದ್ದನ್ನು ನಾನು ದಾಟಿ ಬದುಕುತ್ತಿರಲಿಲ್ಲ ಎಂದು ತಂಗಿ ಒಪ್ಪಿಕೊಳ್ಳುತ್ತಾಳೆ. ಮಳೆಯ ಆ ದಿನ ಅದನ್ನು ನೋಡಿ ಅಮ್ಮನಿಗೆ ಫೋನ್ ಹಚ್ಚಿದೆ, ಆ ರಾತ್ರಿ ಏನು ಮಾತಾಡಿಕೊಂಡಿರಿ ಎಂದು ಹನ್ನೊಂದು ವರ್ಷದ ಮೇಲೆ ಮೊದಲ ಸಲ ಕೇಳಿದೆ. “ಅಪ್ಪ ಆಸ್ಪತ್ರೇಲಿ ಇದ್ದಾಗ ನಾನೊಬ್ಬಳೇ ಇದ್ದೆ, ನನಗೂ ಭಯ ಆಗಿತ್ತು ಅಂದೆ. ಅದನ್ನ ಆಗಲೇ ಹೇಳೋಕೇನಾಗಿತ್ತು ಅಂತ ಬೈದಳು” ಎಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, “ತೋಟದ ವಿಷಯ ಮಾತ್ರ ಈಗಲೂ ಎತ್ತಲ್ಲ ನಾವು” ಎಂದು ಸೇರಿಸಿದಳು.